ನಿಮ್ಮ ಕೌನ್ಸಿಲಿನ ಇಂಗಾಲದ ಲೆಕ್ಕ: ಇಂಗ್ಲೆಂಡಿಗೆ ಬಂದ ಬೆಂಗಳೂರಿಗರಿಗೆ

ಕಸಕ್ಕೂ ರಸ್ತೆಗುಂಡಿಗೂ ಪಾಲಿಕೆಯನ್ನೇ ಕೇಳಿ ರೂಢಿಯಾದವರು, ಇಲ್ಲಿ ಇಂಗಾಲದ ಲೆಕ್ಕ ಯಾರನ್ನು ಕೇಳಬೇಕೆಂದು ತಿಳಿಯಲು, ಮೊದಲು ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಮನೆ ತೆರಿಗೆ) ಬಿಲ್ ಬಿಡಿಸಿ ನೋಡಬೇಕು. ಕೌಂಟಿ, ಡಿಸ್ಟ್ರಿಕ್ಟ್ ಎಂದು ಎರಡು ಸಾಲಿದ್ದರೆ ಕಸದ ಲಾರಿ ಡಿಸ್ಟ್ರಿಕ್ಟಿನದು, ಸಾಮಾನ್ಯವಾಗಿ ಈಜುಕೊಳವೂ ಅದರದೇ. ರಸ್ತೆ, ಲೈಬ್ರರಿ ಕೌಂಟಿಯವು. ಯೂನಿಟರಿ ಕೌನ್ಸಿಲ್ ಆದರೆ ಎಲ್ಲವೂ ಒಂದೇ ಕಡೆ.

ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ (ಹೊರಬಿಟ್ಟಷ್ಟನ್ನೂ ಹೀರಿಕೊಳ್ಳುವ ಮಟ್ಟಕ್ಕೆ) ಇಳಿಸಲು ದೇಶದ ಕಾನೂನಿನ ಗಡುವು 2050. ಅನೇಕ ಕೌನ್ಸಿಲ್‌ಗಳು ತಮ್ಮ ವಾಹನ, ಕಟ್ಟಡಗಳಿಗೆ 2030 ಎಂದು ತಾವೇ ಹಾಕಿಕೊಂಡಿವೆ. ಅವು ಹೊರಡಿಸುವ ವರದಿಯಲ್ಲಿ ಶೇಕಡಾವಾರು ಇಳಿಕೆಯನ್ನಷ್ಟೇ ನಂಬಬೇಡಿ. ಲೆಕ್ಕಕ್ಕೆ ಮೂರು ಭಾಗ: ಒಂದನೆಯದು ಸ್ವಂತ ಬಾಯ್ಲರ್, ವಾಹನಗಳಲ್ಲಿ ಉರಿದದ್ದು; ಎರಡನೆಯದು ಕೊಂಡ ಕರೆಂಟು; ಮೂರನೆಯದು ಗುತ್ತಿಗೆದಾರರದು ಇತ್ಯಾದಿ. ಕಸ ಸಾಗಣೆಯನ್ನು ಗುತ್ತಿಗೆಗೆ ಕೊಟ್ಟರೆ ಅದೇ ಡೀಸೆಲ್ ಒಂದನೇ ಭಾಗದಿಂದ ಮೂರನೆಯದಕ್ಕೆ ಹೋಗುತ್ತದೆ, ಹೊಗೆ ಹಾಗೇ ಇರುತ್ತದೆ. ಇಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಗ್ರಿಡ್ ಸ್ವಚ್ಛವಾದಂತೆ ಕೌನ್ಸಿಲ್ ಏನೂ ಮಾಡದಿದ್ದರೂ ಎರಡನೇ ಭಾಗ ಇಳಿಯುತ್ತದೆ. ಆದ್ದರಿಂದ ಕೇಳಬೇಕಾದ್ದು ಗ್ಯಾಸಿನ ಯೂನಿಟ್ (ಕಿಲೋವ್ಯಾಟ್-ಗಂಟೆ), ಡೀಸೆಲ್ಲಿನ ಲೀಟರ್. ಒಂದು ಯೂನಿಟ್ ಗ್ಯಾಸಿಗೆ ಸುಮಾರು 0.18 ಕೆಜಿ ಇಂಗಾಲದ ಡೈಆಕ್ಸೈಡ್, ಲೀಟರ್ ಡೀಸೆಲ್ಲಿಗೆ ಸುಮಾರು 2.5 ಕೆಜಿ. ಹತ್ತು ಲಕ್ಷ ಯೂನಿಟ್ ಗ್ಯಾಸ್ ಉರಿಸುವ ಈಜುಕೊಳ 72,000 ಲೀಟರ್ ಡೀಸೆಲ್ಲಿಗೆ ಸಮ. ಆ ಕೊಳಕ್ಕೆ ರಾತ್ರಿ ಹೊದಿಕೆ ಹಾಕುತ್ತಾರೆಯೇ? ಶಾಖ ಹೆಚ್ಚು ಸೋರುವುದು ನೀರು ಆವಿಯಾಗಿಯೇ.

ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆಳೆಯುವ ಯಂತ್ರ) ಕೂರಿಸುವಲ್ಲಿ ಆಗುವ ಎಡವಟ್ಟು ಹೆಚ್ಚಾಗಿ ಒಂದೇ ಬಗೆಯದು. ಹಳೆಯ ರೇಡಿಯೇಟರ್‌ಗೆ 70–80 ಡಿಗ್ರಿ ನೀರು ಬೇಕು, ಪಂಪ್ ಮಿತವ್ಯಯದಲ್ಲಿ ಕೆಲಸ ಮಾಡುವುದು 50ರ ಆಸುಪಾಸಿನಲ್ಲಿ. ಚಾವಣಿ, ಕಿಟಕಿ ಸರಿಪಡಿಸಿ ರೇಡಿಯೇಟರ್ ದೊಡ್ಡದು ಮಾಡದಿದ್ದರೆ ಕೋಣೆ ತಣ್ಣಗಿರುತ್ತದೆ, ಬಿಲ್ಲು ಏರುತ್ತದೆ. ಕರೆಂಟಿನ ಯೂನಿಟ್ ಗ್ಯಾಸಿಗಿಂತ ಹಲವು ಪಟ್ಟು ದುಬಾರಿ. ಜನ ಬಂದುಹೋಗುವ, 250 ಚದರ ಮೀಟರಿಗಿಂತ ದೊಡ್ಡ ಸರ್ಕಾರಿ ಕಟ್ಟಡದಲ್ಲಿ ಇಂಧನ ಬಳಕೆ ಎಷ್ಟೆಂದು ತೋರಿಸುವ ಪತ್ರ ತೂಗುಹಾಕುವುದು ಕಡ್ಡಾಯ. ಅದರಲ್ಲಿ 100 ಅಂಕ ಆ ಬಗೆಯ ಕಟ್ಟಡದ ಸಾಮಾನ್ಯ ಮಟ್ಟ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಎಲೆಕ್ಟ್ರಿಕ್ ಲಾರಿಗೆ ಮೊದಲು ಡಿಪೋದ ವಿದ್ಯುತ್ ಸಂಪರ್ಕ. ಇಲ್ಲಿ ಬೆಸ್ಕಾಂನಂತೆ ತಂತಿ, ಮಾರಾಟ ಎರಡೂ ಒಬ್ಬರ ಕೈಲಿಲ್ಲ. ಹೆಚ್ಚಿನ ಲೋಡನ್ನು ತಂತಿಯ ಕಂಪನಿಗೇ ಕೇಳಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಅರ್ಜಿಗೆ ಮುಂಚೆ ಲಾರಿಗೆ ಆರ್ಡರ್ ಕೊಟ್ಟರೆ ಲಾರಿ ಬಂದು ನಿಂತಿರುತ್ತದೆ. ವ್ಯಾನುಗಳನ್ನು ಮೊದಲು, ದೂರದ ಹಳ್ಳಿ ರೂಟನ್ನು ಕೊನೆಗೆ ಬದಲಿಸುವುದು ಜಾಣತನ.

ಮಾಹಿತಿಗೆ ಇಮೇಲ್ ಸಾಕು. ನಮ್ಮ ಆರ್‌ಟಿಐಯ 30 ದಿನದಂತೆ ಇಲ್ಲಿ 20 ಕೆಲಸದ ದಿನ. 2004ರ ಪರಿಸರ ಮಾಹಿತಿ ನಿಯಮಗಳ ಹೆಸರು ಹೇಳಿ: ಹೊರಸೂಸುವಿಕೆಯ ಮಾಹಿತಿಗೆ ವ್ಯಾಪಾರ ಗುಟ್ಟಿನ ನೆಪ ನಡೆಯದು. ಮೂರು ವರ್ಷದ ಅಂಕಿಗಳನ್ನು ಕಟ್ಟಡವಾರು, ವಾಹನದ ಬಗೆವಾರು, ಗುತ್ತಿಗೆದಾರರದೂ ಸೇರಿಸಿ ಕೇಳಿ.

ಭಾರತದ ಪಾಸ್‌ಪೋರ್ಟ್, ಮಾನ್ಯ ವೀಸಾ ಇರುವ 18 ತುಂಬಿದವರು ಕಾಮನ್‌ವೆಲ್ತ್ ಪ್ರಜೆಗಳಾಗಿ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಆನ್‌ಲೈನಿನಲ್ಲಿ ಹೆಸರು ಸೇರಿಸಿ. ಮತಗಟ್ಟೆಗೆ ಆ ಪಾಸ್‌ಪೋರ್ಟೇ ಸಾಕು.