ಡಿ.ಸಿ. ಝೂಗೆ ಪುಟಾಣಿಗಳ ಜೊತೆ ಹೋಗೋರಿಗೆ

ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಚಿಕ್ಕ ಮಕ್ಕಳಿರೋರಿಗೆ ಒಂದು ಮಾತು. ಸ್ಮಿತ್‌ಸೋನಿಯನ್ ಝೂಗೆ ಟಿಕೆಟ್ ದುಡ್ಡಿಲ್ಲ, ಆನ್‌ಲೈನಲ್ಲಿ ಪುಕ್ಕಟೆ ಪಾಸ್ ತಗೊಂಡ್ರೆ ಸಾಕು. ಹಾಗಾಗಿ ಒಂದೇ ದಿನ ಎಲ್ಲಾ ನೋಡಿ ಮುಗಿಸೋ ಹಟ ಬೇಡ. ಒಂದ್ಸಲ ಆನೆ, ಇನ್ನೊಂದ್ಸಲ ಪಾಂಡಾ. ಮಗು ಎಲ್ಲಿ ನಿಂತಿತೋ ಅಲ್ಲೇ ನೀವೂ ನಿಲ್ಲಿ. ಒರಾಂಗುಟಾನ್‌ಗಳು ನಮ್ಮ ತಲೆ ಮೇಲಿನ ಕೇಬಲ್ ಹಿಡ್ಕೊಂಡು ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟುತ್ವೆ. ದಾಟೋದು ಬಿಡೋದು ಅವುಗಳ ಮರ್ಜಿ, ಅದಕ್ಕೇ ಪದೇ ಪದೇ ಹೋಗೋರಿಗೆ ಆ ಅದೃಷ್ಟ ಹೆಚ್ಚು.

ಪಾರ್ಕಿಂಗ್ ಪುಕ್ಕಟೆ ಅಲ್ಲ, ಮೆಟ್ರೋ ರೆಡ್ ಲೈನ್ ವಾಸಿ. ಸ್ಟೇಷನ್ ಹೆಸರಲ್ಲೇ ಝೂ ಇದೆ ಅಂತ ಎಲ್ರೂ ವುಡ್ಲಿ ಪಾರ್ಕ್‌ನಲ್ಲಿ ಇಳೀತಾರೆ, ಅಲ್ಲಿಂದ ಏರುದಾರಿ. ಸ್ಟ್ರೋಲರ್ ಇದ್ರೆ ಕ್ಲೀವ್‌ಲ್ಯಾಂಡ್ ಪಾರ್ಕ್‌ನಲ್ಲಿ ಇಳೀರಿ, ದಾರಿ ಹೆಚ್ಚುಕಮ್ಮಿ ಸಮತಟ್ಟು. ವಾಪಸ್ ಹೋಗುವಾಗ ವುಡ್ಲಿ ಪಾರ್ಕ್ ಕಡೆ ನಡೀರಿ, ಬರೀ ಇಳಿಜಾರು.

ಹಸು, ಆಡು ಇರೋ ಕಿಡ್ಸ್ ಫಾರ್ಮ್ ಝೂನ ಕೆಳತುದೀಲಿದೆ. ಅಲ್ಲಿಂದ ಮೇಲೆ ಹತ್ತುವಾಗಲೇ "ಎತ್ಕೋ" ಅಂತ ರಾಗ ಶುರು. ಮನೆ ತಿಂಡಿ ತಗೊಂಡು ಹೋಗೋಕೆ ಅಡ್ಡಿಯಿಲ್ಲ. ಚಿತ್ರಾನ್ನದ ಡಬ್ಬಿ ಅಲ್ಲೇ ಕೆಳಗೆ ಖಾಲಿ ಮಾಡಿ, ಆಮೇಲೆ ಹತ್ತಿ.