ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದಗಳ ಪಟ್ಟಿ ಬಂದರೆ ‘ಟು’ (to) ಎಲ್ಲೆಲ್ಲಿ ಹಾಕಬೇಕು?

ನಿನ್ನೆ ಮಂಡ್ಯದಲ್ಲಿ ಪಕ್ಕದ ಮನೆ ಹುಡುಗಿ ತನ್ನ ಕೆಲಸದ ಅರ್ಜಿ ತೋರಿಸಿದಳು. ‘ಐ ವಾಂಟ್ ಟು ಲರ್ನ್, ಟು ಅರ್ನ್ ಅಂಡ್ ಹೆಲ್ಪಿಂಗ್ ಮೈ ಫ್ಯಾಮಿಲಿ’ ಅಂತ ಬರೆದಿದ್ದಳು. ಮೂರನೆಯದು ಹೊಂದಲ್ಲ, ಅಲ್ವಾ? ಕನ್ನಡದಲ್ಲಿ ‘ಕಲಿಯೋಕೆ, ದುಡಿಯೋಕೆ, ಮನೆ ನೋಡಿಕೊಳ್ಳುವುದು ಬಂದೆ’ ಅಂದರೆ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲೂ ಅಷ್ಟೇ. ‘ಟು’ ಮೊದಲನೆಯದಕ್ಕೆ ಮಾತ್ರ ಹಾಕಿ, ಇಲ್ಲವೇ ಮೂರಕ್ಕೂ ಹಾಕಿ. ಎರಡಕ್ಕೆ ಹಾಕಿ ಒಂದಕ್ಕೆ ಬಿಡಬೇಡಿ. ವಾಕ್ಯ ಉದ್ದ ಇದ್ದರೆ ಮೂರಕ್ಕೂ ಹಾಕುವುದೇ ನನಗೆ ಇಷ್ಟ, ಯಾಕಂದ್ರೆ ಹೊಸ ಮಾತು ಎಲ್ಲಿ ಶುರುವಾಯಿತು ಅಂತ ಓದುವವರಿಗೆ ಥಟ್ಟನೆ ತಿಳಿಯುತ್ತದೆ. ಅನುಮಾನ ಬಂದರೆ ಒಂದೊಂದು ಕ್ರಿಯಾಪದದ ಮುಂದೆಯೂ ‘ಐ ವಾಂಟ್ ಟು’ ಸೇರಿಸಿ ಜೋರಾಗಿ ಓದಿ. ‘ಐ ವಾಂಟ್ ಟು ಹೆಲ್ಪಿಂಗ್’ ಅಂತ ಓದಿದ ತಕ್ಷಣ ಅವಳೇ ಪೆನ್ನು ತಗೊಂಡು ‘ಟು ಹೆಲ್ಪ್’ ಅಂತ ತಿದ್ದಿದಳು.