ಸಿದ್ದಿ ಯುವಜನರೊಂದಿಗೆ ಕಾರ್ಯಕ್ರಮ ರೂಪಿಸುವ ಬಗೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರ ಕೇರಿಗಳಲ್ಲಿ ಯುವಜನರಿಗಾಗಿ ಕೆಲಸ ಮಾಡಬೇಕೆನ್ನುವವರು ಮೊದಲು ತಮ್ಮ ಯೋಜನಾ ಪತ್ರವನ್ನು ಬದಿಗಿಟ್ಟು, ಒಂದೆರಡು ತಿಂಗಳು ಮನೆಮನೆಗೆ ಹೋಗಿ ಕೇಳಿಸಿಕೊಳ್ಳಬೇಕು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಕುಟುಂಬಗಳಿವೆ. ಹಲವರ ಮನೆಮಾತು ಕೊಂಕಣಿ. ಸಭೆಯನ್ನು ಕನ್ನಡದಲ್ಲಷ್ಟೇ ನಡೆಸಿದರೆ ಹಿರಿಯ ಹೆಂಗಸರು ಸುಮ್ಮನೆ ಕುಳಿತುಬಿಡಬಹುದು, ಆ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ದೊಡ್ಡ ತಪ್ಪು.

ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದಲ್ಲಿ ಸಿದ್ದಿ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ನೀಡಿತ್ತು. ಕೆಲವರು ರಾಷ್ಟ್ರಮಟ್ಟಕ್ಕೂ ಏರಿದರು, ಆದರೆ ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಆದ್ದರಿಂದ ಹಣ ಎಷ್ಟು ವರ್ಷಕ್ಕಿದೆ, ಅದು ಮುಗಿದ ಮೇಲೆ ಹೊಣೆ ಯಾರದು ಎಂಬುದನ್ನು ಮೊದಲ ಸಭೆಯಲ್ಲಿಯೇ ಮುಚ್ಚುಮರೆಯಿಲ್ಲದೆ ಹೇಳಬೇಕು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಹೆಜ್ಜೆ ಬೇರೊಂದಿಲ್ಲ.

ಖರ್ಚನ್ನು ತೀರ್ಮಾನಿಸುವ ಸಮಿತಿಯಲ್ಲಿ ಊರಿನ ಯುವಕ ಯುವತಿಯರೇ ಹೆಚ್ಚಿರಲಿ. ಸಂಯೋಜಕರನ್ನು ಕೇರಿಯಿಂದಲೇ ಆರಿಸಿ, ಅವರಿಗೆ ಸಂಬಳ ಕೊಡಿ; ಸಿದ್ದಿಗಳ ಸಾಂಪ್ರದಾಯಿಕ ಚರ್ಮವಾದ್ಯ ಡಮಾಮಿಯನ್ನು ಬಾರಿಸಲು ಕಲಿಸುವ ಹಿರಿಯರಿಗೂ ಗೌರವಧನ ಸಲ್ಲಬೇಕು, ಏಕೆಂದರೆ ಅವರ ವಿದ್ಯೆ ಪುಕ್ಕಟೆಯಲ್ಲ. ನಾಟಿಯ ದಿನಗಳಲ್ಲಿ ತರಬೇತಿ ಇಡಬೇಡಿ. ಹುಡುಗಿಯರು ಕತ್ತಲಾಗುವ ಮುನ್ನ ಮನೆ ಸೇರುವಂತೆ ಬಸ್ಸಿನ ವೇಳೆಯನ್ನು ನೋಡಿಯೇ ಸಮಯ ಗೊತ್ತುಮಾಡಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿರುವುದರಿಂದ, ಜಾತಿ ಪ್ರಮಾಣಪತ್ರ ಮತ್ತು ವಿದ್ಯಾರ್ಥಿವೇತನದ ಅರ್ಜಿ ತುಂಬಲು ವಾರಕ್ಕೊಂದು ಸಂಜೆಯನ್ನು ಮೀಸಲಿಡಿ.